ತೇವದ ಬೇಸ್‌ಮೆಂಟ್: ಫಿನಿಶ್ ಮಾಡಿಸುವ ಮೊದಲು ನೀರಿನ ದಾರಿ ಹುಡುಕಿ

ನ್ಯೂಜೆರ್ಸಿ, ಮಿಷಿಗನ್, ಇಲಿನಾಯ್, ಟೊರಾಂಟೊ ಕಡೆ ಮನೆ ಕೊಂಡ ಕನ್ನಡಿಗರು ನಾಲ್ಕು ಜನ ಸೇರಿದರೆ ಬೇಸ್‌ಮೆಂಟ್ ಮಾತು ಬಂದೇ ಬರುತ್ತದೆ. ಯಾರು ಎಷ್ಟಕ್ಕೆ ಫಿನಿಶ್ ಮಾಡಿಸಿದರು, ಹೋಮ್ ಥಿಯೇಟರ್‌ಗೆ ಜಾಗ ಸಿಕ್ಕಿತಾ, ಊರಿಂದ ಅಪ್ಪ-ಅಮ್ಮ ಬಂದರೆ ಮಲಗಲು ಒಂದು ರೂಮ್ ಆಯಿತಾ. ಗೋಡೆಯಲ್ಲಿ ತೇವ ಇದೆಯಾ ಅಂತ ಕೇಳುವವರು ಕಡಿಮೆ. ಡ್ರೈವಾಲ್ (ಕಾಗದ ಅಂಟಿಸಿದ ಜಿಪ್ಸಮ್ ಹಲಗೆ) ಹಿಂದಿನಿಂದ ಮುಗ್ಗಲು ವಾಸನೆ ಬರಲು ಶುರುವಾದ ಮೇಲೆ ಆ ಪ್ರಶ್ನೆ ಬರುತ್ತದೆ. ಅಷ್ಟು ಹೊತ್ತಿಗೆ ದುಡ್ಡು ಸುರಿದು ಮಾಡಿಸಿದ್ದನ್ನೆಲ್ಲ ಕೀಳಬೇಕಾಗಿರುತ್ತದೆ.

ಫಿನಿಶ್ ಮಾಡಿಸೋದು ಅಂದರೆ ಕಾಂಕ್ರೀಟ್ ಗೋಡೆಯನ್ನು ಮುಚ್ಚಿಬಿಡೋದು. ಅದರ ಮುಂದೆ ಮರದ ಚೌಕಟ್ಟು ನಿಲ್ಲುತ್ತದೆ, ಒಳಗೆ ಚಳಿ ತಡೆಯುವ ಇನ್ಸುಲೇಶನ್ ತುಂಬುತ್ತಾರೆ, ಮೇಲೆ ಡ್ರೈವಾಲ್ ಹೊಡೆಯುತ್ತಾರೆ. ಮರ, ಡ್ರೈವಾಲ್ ಮೇಲಿನ ಕಾಗದ, ಕಾರ್ಪೆಟ್ ಎಲ್ಲವೂ ಬೂಸ್ಟು ಬೆಳೆಯಲು ಹೇಳಿ ಮಾಡಿಸಿದ ಜಾಗ. ತೇವ ಸಿಕ್ಕರೆ 24ರಿಂದ 48 ಗಂಟೆಯೊಳಗೆ ಬೂಸ್ಟು ಶುರುವಾಗಬಹುದು. ಬರೀ ಕಾಂಕ್ರೀಟ್ ಇದ್ದಾಗ ಒಂದಿಷ್ಟು ನೀರು ಜಿನುಗಿದರೂ ಗಾಳಿಗೆ ಆರಿ ಹೋಗುತ್ತಿತ್ತು. ಮುಚ್ಚಿದ ಮೇಲೆ ಅದೇ ನೀರಿಗೆ ಆರುವ ದಾರಿಯೇ ಇಲ್ಲ. ಅದಕ್ಕೇ "ಇಷ್ಟು ವರ್ಷ ಏನೂ ಆಗಿಲ್ಲವಲ್ಲ" ಅನ್ನೋ ಧೈರ್ಯ ಇಲ್ಲಿ ಕೆಲಸಕ್ಕೆ ಬರೋದಿಲ್ಲ. ಹಳೆಯ ಗೋಡೆ ತಡೆದುಕೊಂಡಿತ್ತು ನಿಜ. ಹೊಸ ಗೋಡೆ ತಡೆಯೋದಿಲ್ಲ.

ಇನ್ನೊಂದು ಮಾತು. ಬೇಸ್‌ಮೆಂಟಿನ ಗಾಳಿ ಬೇಸ್‌ಮೆಂಟಿನಲ್ಲೇ ಉಳಿಯೋದಿಲ್ಲ. ಚಳಿಗಾಲದಲ್ಲಿ ಮನೆಯೊಳಗಿನ ಬೆಚ್ಚನೆ ಗಾಳಿ ಮೇಲೇರಿ ಅಟ್ಟದ ಸಂದುಗಳಿಂದ ಹೊರಗೆ ಹೋಗುತ್ತದೆ. ಅದರ ಜಾಗ ತುಂಬಲು ಕೆಳಗಿನ ಗಾಳಿ ಮೇಲಕ್ಕೆ ಬರುತ್ತದೆ. ಕೆಳಗೆ ಬೂಸ್ಟು ಇದ್ದರೆ ಮೇಲೆ ಮಲಗಿರುವ ಮಗುವೂ ಅದೇ ಗಾಳಿ ಉಸಿರಾಡುತ್ತದೆ.

ನೀರು ಬರೋದು ಎಲ್ಲಿಂದ?

ಈ ದೇಶಗಳಲ್ಲಿ ಬೇಸ್‌ಮೆಂಟ್ ಬಂದಿದ್ದಕ್ಕೆ ಒಂದು ಮುಖ್ಯ ಕಾರಣ ಚಳಿ. ನೆಲ ಹೆಪ್ಪುಗಟ್ಟಿದರೆ ಮಣ್ಣು ಉಬ್ಬಿ ಪಾಯವನ್ನೇ ಎತ್ತಿಬಿಡುತ್ತದೆ. ಹಾಗಾಗಿ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಪಾಯ ಹಾಕಬೇಕು. ಶಿಕಾಗೋದಲ್ಲಿ ಅದು 42 ಇಂಚು. ಹೇಗೂ ಅಷ್ಟು ಅಗೆಯಬೇಕಲ್ವಾ, ಇನ್ನೂ ನಾಲ್ಕೈದು ಅಡಿ ಅಗೆದರೆ ಒಂದು ಪೂರ್ತಿ ಮಹಡಿಯೇ ಸಿಗುತ್ತದೆ. ಆದರೆ ಆ ಮಹಡಿಯ ನಾಲ್ಕೂ ಕಡೆ ಮಣ್ಣು, ಕೆಳಗೂ ಮಣ್ಣು. ಕಾಂಕ್ರೀಟ್ ನೋಡಲು ಗಟ್ಟಿ, ಆದರೆ ತುಂಬ ಸಣ್ಣ ರಂಧ್ರಗಳಿರುವ ವಸ್ತು. ಹೊರಗಡೆ ಬಿಲ್ಡರ್ ಬಳಿದಿರುವ ಕಪ್ಪು ಡಾಂಬರಿನಂಥ ಲೇಪ ಮಣ್ಣಿನ ತೇವವನ್ನು ಒಂದು ಮಟ್ಟಿಗೆ ತಡೆಯುತ್ತದೆ, ಅಷ್ಟೇ. ಒತ್ತಿಕೊಂಡು ನಿಂತ ನೀರನ್ನು ಅದು ತಡೆಯೋದಿಲ್ಲ.

ಒದ್ದೆ ಅಂತ ನಾವು ಒಂದೇ ಪದದಲ್ಲಿ ಹೇಳುವುದರ ಹಿಂದೆ ನಾಲ್ಕು ಬೇರೆ ಬೇರೆ ಸಮಸ್ಯೆಗಳಿವೆ. ಒಂದರ ಔಷಧಿ ಇನ್ನೊಂದಕ್ಕೆ ಆಗೋದಿಲ್ಲ.

ಮೊದಲನೆಯದು ಮಳೆ ನೀರು. ಸಾವಿರ ಚದರಡಿಯ ಛಾವಣಿ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 620 ಗ್ಯಾಲನ್, ಅಂದರೆ 2,300 ಲೀಟರಿಗೂ ಜಾಸ್ತಿ ನೀರು ಆಗುತ್ತದೆ. ಛಾವಣಿಯ ಅಂಚಿನಲ್ಲಿ ನೀರು ಹಿಡಿಯುವ ಗಟರ್ ತುಂಬ ಎಲೆ ಕಟ್ಟಿಕೊಂಡಿದ್ದರೆ, ಇಳಿಪೈಪು ಗೋಡೆ ಬುಡದಲ್ಲೇ ಮುಗಿದಿದ್ದರೆ, ಅಷ್ಟೂ ನೀರನ್ನು ನಾವೇ ಪಾಯಕ್ಕೆ ಸುರಿದ ಹಾಗೆ.

ಎರಡನೆಯದು ಅಂತರ್ಜಲ. ಹಿಮ ಕರಗುವ ಮಾರ್ಚ್-ಏಪ್ರಿಲ್‌ನಲ್ಲಿ, ಅಥವಾ ಹಲವು ದಿನ ಬಿಡದೆ ಮಳೆ ಬಂದಾಗ, ನೆಲದೊಳಗಿನ ನೀರಿನ ಮಟ್ಟ ಬೇಸ್‌ಮೆಂಟ್ ನೆಲಕ್ಕಿಂತ ಮೇಲೆ ಬರಬಹುದು. ಗೋಡೆಯ ಹೊರಗೆ ನಾಲ್ಕು ಅಡಿ ನೀರು ನಿಂತರೆ ಬುಡದ ಪ್ರತಿ ಚದರಡಿಯ ಮೇಲೆ ಸುಮಾರು 250 ಪೌಂಡ್ ಒತ್ತಡ ಬೀಳುತ್ತದೆ. ಆ ನೀರು ಗೋಡೆ ಮತ್ತು ನೆಲ ಕೂಡುವ ಮೂಲೆಯಲ್ಲಿ, ಬಿರುಕುಗಳಲ್ಲಿ ಒಳಗೆ ನುಗ್ಗುತ್ತದೆ.

ಮೂರನೆಯದಕ್ಕೆ ಒತ್ತಡವೇ ಬೇಕಿಲ್ಲ. ಒದ್ದೆ ಮಣ್ಣಿಗೆ ತಾಗಿಕೊಂಡಿರುವ ಕಾಂಕ್ರೀಟು ನೀರನ್ನು ಹೀರಿ ಒಳಮೈಗೆ ತರುತ್ತದೆ. ಅಲ್ಲಿ ಅದು ಆವಿಯಾಗಿ ಗಾಳಿಗೆ ಸೇರುತ್ತದೆ. ಹನಿ ಕಾಣೋದಿಲ್ಲ, ಹರಿವೂ ಇಲ್ಲ. ಅಕ್ಕಿ ಚೀಲವನ್ನೋ ರಟ್ಟಿನ ಪೆಟ್ಟಿಗೆಯನ್ನೋ ನೇರವಾಗಿ ಕಾಂಕ್ರೀಟ್ ನೆಲದ ಮೇಲೆ ಇಟ್ಟು, ಕೆಲವು ವಾರ ಬಿಟ್ಟು ಎತ್ತಿದರೆ ತಳ ಮೆತ್ತಗಾಗಿರುತ್ತದಲ್ಲ, ಅದು ಇದೇ. ಹೊಸ ಮನೆಯಾದರೆ ಕಾಂಕ್ರೀಟ್ ಕಲಸಿದಾಗಿನ ನೀರೇ ಇನ್ನೂ ಆರುತ್ತಿರುತ್ತದೆ. ಅದು ಮುಗಿಯಲು ವರ್ಷವೇ ಬೇಕಾಗಬಹುದು. ಹೊಸ ಮನೆ ತಾನೇ, ತೇವ ಎಲ್ಲಿಂದ ಬರುತ್ತೆ ಅಂತ ಕೀಲಿಕೈ ಸಿಕ್ಕ ತಿಂಗಳೇ ಫಿನಿಶಿಂಗ್ ಕೆಲಸ ಶುರು ಮಾಡಿಸೋದು ಇದಕ್ಕೇ ಸರಿಯಲ್ಲ.

ನಾಲ್ಕನೆಯದು ಗಾಳಿ. ನಮ್ಮವರು ಜಾಸ್ತಿ ಎಡವೋದು ಇಲ್ಲೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಫ್ರಿಜ್‌ನಿಂದ ತೆಗೆದ ಸ್ಟೀಲ್ ಚೊಂಬು ಬೆವರುತ್ತದಲ್ವಾ, ಬೇಸ್‌ಮೆಂಟ್ ಗೋಡೆ ಬೆವರೋದೂ ಹಾಗೇ. ಜುಲೈನಲ್ಲಿ ಹೊರಗೆ 80 ಡಿಗ್ರಿ ಫ್ಯಾರನ್‌ಹೀಟ್ ಇದೆ, ಗಾಳಿಯ ತೇವಾಂಶ ಶೇಕಡಾ 70 ಇದೆ ಅಂದುಕೊಳ್ಳಿ. ಆ ಗಾಳಿ 69-70 ಡಿಗ್ರಿಗೆ ತಣ್ಣಗಾದರೆ ಸಾಕು, ಅದರಲ್ಲಿರುವ ನೀರು ಹನಿಯಾಗುತ್ತದೆ. ಮಣ್ಣಿಗೆ ತಾಗಿರುವ ಗೋಡೆಯ ಕೆಳಭಾಗ ಬೇಸಿಗೆಯಲ್ಲೂ ಅದಕ್ಕಿಂತ ತಣ್ಣಗೇ ಇರುತ್ತದೆ. ಅಂದರೆ ಒಂದು ಹನಿ ಮಳೆ ಇಲ್ಲದೆ, ಒಂದು ಬಿರುಕೂ ಇಲ್ಲದೆ ಗೋಡೆ ಒದ್ದೆಯಾಗುತ್ತದೆ.

ಊರಲ್ಲಿ ಮುಗ್ಗಲು ವಾಸನೆ ಬಂದರೆ ನಾವು ಏನು ಮಾಡುತ್ತೇವೆ? ಕಿಟಕಿ ತೆಗೆಯುತ್ತೇವೆ, ಗಾಳಿ ಆಡಲಿ ಅಂತ. ಇಲ್ಲಿ ಬೇಸಿಗೆಯಲ್ಲಿ ಬೇಸ್‌ಮೆಂಟ್ ಕಿಟಕಿ ತೆಗೆದರೆ ಆ ತೇವದ ಗಾಳಿಯನ್ನೇ ಒಳಗೆ ಕರೆದ ಹಾಗಾಗುತ್ತದೆ. ಕಿಟಕಿ ಮುಚ್ಚಿ, ಗಾಳಿಯ ತೇವ ಹೀರುವ ಮಷೀನು, ಅಂದರೆ ಡಿಹ್ಯುಮಿಡಿಫೈಯರ್ ಹಾಕಬೇಕು. ಬೇಸ್‌ಮೆಂಟಿನಲ್ಲಿ ಸ್ಟ್ಯಾಂಡ್ ಇಟ್ಟು ಒದ್ದೆ ಬಟ್ಟೆ ಒಣಹಾಕುವ ಅಭ್ಯಾಸವಿದ್ದರೆ ಅದನ್ನೂ ನಿಲ್ಲಿಸಬೇಕು. ಬಟ್ಟೆಯ ನೀರೆಲ್ಲ ಗೋಡೆಗೇ ಹೋಗುತ್ತದೆ.

ಯಾವುದು ಅಂತ ಗೊತ್ತಾಗೋದು ಹೇಗೆ?

ಎಲ್ಲಕ್ಕಿಂತ ಒಳ್ಳೆಯ ಸುಳಿವು ಕಾಲ. ಜೋರು ಮಳೆ ಬಂದ ಕೆಲವೇ ಗಂಟೆಗಳಲ್ಲಿ ಒದ್ದೆಯಾದರೆ ಛಾವಣಿ ಅಥವಾ ಅಂಗಳದ ನೀರು. ಮಳೆ ನಿಂತು ಒಂದೆರಡು ದಿನ ಆದ ಮೇಲೆ, ಅಥವಾ ಹಿಮ ಕರಗುವಾಗ ನೆಲದ ಅಂಚಿನಲ್ಲಿ ನೀರು ಕಂಡರೆ ಅಂತರ್ಜಲ. ಮಳೆಯೇ ಇಲ್ಲದ ಸೆಕೆಯ ವಾರದಲ್ಲಿ ಗೋಡೆಯ ಕೆಳಭಾಗ, ತಣ್ಣೀರಿನ ಪೈಪು ಬೆವರಿದರೆ ಗಾಳಿ. ವರ್ಷವಿಡೀ ಒಂದೇ ಜಾಗದಲ್ಲಿ ಒದ್ದೆ ಇದ್ದರೆ ಪೈಪ್ ಸೋರುತ್ತಿರಬಹುದು. ಇದಕ್ಕಾಗಿಯೇ ನನ್ನ ಸಲಹೆ: ಮನೆ ಕೊಂಡ ಮೇಲೆ ಒಂದು ಪೂರ್ತಿ ವರ್ಷ ಬೇಸ್‌ಮೆಂಟನ್ನು ಬರಿದಾಗಿಯೇ ಬಿಡಿ. ಹಿಮ ಕರಗೋದು, ಬೇಸಿಗೆಯ ಸೆಕೆ, ಒಂದೆರಡು ಜೋರು ಮಳೆ, ಇಷ್ಟನ್ನಾದರೂ ನೋಡಿ. ಪ್ರತಿ ಸಲ ಕೆಳಗೆ ಹೋಗಿ ಫೋನಿನಲ್ಲಿ ಫೋಟೋ ತೆಗೆದಿಡಿ.

ಗಾಳಿಯ ತೇವವೋ ಗೋಡೆಯ ತೇವವೋ ಅಂತ ಅನುಮಾನ ಇದ್ದರೆ ಒಂದು ಸುಲಭ ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಗಾಳಿ ಆಡದ ಹಾಗೆ ಟೇಪ್ ಹಚ್ಚಿ. ಒಂದೆರಡು ದಿನ ಬಿಡಿ. ಹಾಳೆಯ ಹೊರಮೈ, ಅಂದರೆ ರೂಮಿನ ಕಡೆ ಹನಿ ಕಟ್ಟಿದರೆ ಅದು ಗಾಳಿಯಿಂದ ಬಂದಿದ್ದು. ಹಾಳೆಯ ಒಳಗೆ, ಗೋಡೆ ಕಡೆ ಹನಿ ಕಂಡರೆ ಅಥವಾ ಗೋಡೆ ಕಪ್ಪಾಗಿದ್ದರೆ ನೀರು ಕಾಂಕ್ರೀಟ್ ದಾಟಿ ಬರುತ್ತಿದೆ. ನೆಲದ ಮೇಲೂ ಹೀಗೇ ಮಾಡಬಹುದು. ಒಣ ತಿಂಗಳಲ್ಲಿ ಮಾಡಿ "ಏನೂ ಇಲ್ಲ" ಅಂತ ಸಮಾಧಾನ ಪಡಬೇಡಿ. ಮಳೆಯ ವಾರದಲ್ಲಿ ಮತ್ತೊಮ್ಮೆ ಮಾಡಿ.

ಗೋಡೆ ಮೇಲೆ ಬಿಳಿ ಪುಡಿ ಕಂಡರೆ ಅದನ್ನು ಬೂಸ್ಟು ಅಂದುಕೊಂಡು ಹೆದರುವವರು ಇದ್ದಾರೆ. ಸಾಮಾನ್ಯವಾಗಿ ಅದು ಉಪ್ಪು. ಕಾಂಕ್ರೀಟಿನೊಳಗಿನ ಲವಣವನ್ನು ಕರಗಿಸಿಕೊಂಡು ಬಂದ ನೀರು ಆವಿಯಾದಾಗ ಉಪ್ಪು ಮೈಮೇಲೆ ಉಳಿಯುತ್ತದೆ. ಅದರಿಂದ ಆರೋಗ್ಯಕ್ಕೆ ಅಪಾಯವಿಲ್ಲ, ಆದರೆ ಅದು ಸುಳ್ಳು ಹೇಳದ ಸಾಕ್ಷಿ: ಈ ಜಾಗದಲ್ಲಿ ನೀರು ಗೋಡೆ ದಾಟಿದೆ. ಬ್ರಷ್‌ನಲ್ಲಿ ಉಜ್ಜಿ ತೆಗೆದು, ಮತ್ತೆ ಬರುತ್ತದಾ ಅಂತ ನೋಡಿ.

ಬಿರುಕುಗಳಲ್ಲೂ ವ್ಯತ್ಯಾಸ ಇದೆ. ಕಾಂಕ್ರೀಟ್ ಗೋಡೆಯಲ್ಲಿ ಮೇಲಿಂದ ಕೆಳಗೆ ಹೋಗುವ ಕೂದಲೆಳೆಯ ಬಿರುಕು ಸಾಮಾನ್ಯ, ಕಾಂಕ್ರೀಟ್ ಕುಗ್ಗಿದಾಗ ಬರುವಂಥದ್ದು. ನೀರು ಜಿನುಗುತ್ತಿದ್ದರೆ ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ ಜಾತಿಯ ದ್ರವ ಇಂಜೆಕ್ಟ್ ಮಾಡಿ ಮುಚ್ಚುತ್ತಾರೆ. ಆದರೆ ಕಾಂಕ್ರೀಟ್ ಬ್ಲಾಕ್ ಗೋಡೆಯಲ್ಲಿ ಅಡ್ಡಡ್ಡ ಬಿರುಕು ಕಂಡರೆ, ಗೋಡೆ ಒಳಗೆ ಬಾಗಿದ್ದರೆ, ಅದು ಬೇರೆಯೇ ವಿಷಯ. ಹೊರಗಿನ ಒದ್ದೆ ಮಣ್ಣು ಗೋಡೆಯನ್ನು ತಳ್ಳುತ್ತಿದೆ. ಅದಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಬೇಕು. ವಾಟರ್‌ಪ್ರೂಫಿಂಗ್ ಮಾರುವ ಕಂಪನಿಯ ಸೇಲ್ಸ್‌ಮನ್ ಅಲ್ಲ, ಏನನ್ನೂ ಮಾರದ ಎಂಜಿನಿಯರ್.

ಕೆಲಸ ಹೊರಗಿನಿಂದ ಶುರುವಾಗಲಿ

ಸಾವಿರಾರು ಡಾಲರಿನ ಕೊಟೇಶನ್ ತರಿಸುವ ಮೊದಲು ಜೋರು ಮಳೆಯಲ್ಲಿ ಕೊಡೆ ಹಿಡಿದು ಮನೆ ಸುತ್ತ ಒಂದು ಸುತ್ತು ಹಾಕಿ. ಗಟರ್ ಉಕ್ಕುತ್ತಿದೆಯಾ? ಇಳಿಪೈಪಿನ ನೀರು ಎಲ್ಲಿಗೆ ಹೋಗುತ್ತಿದೆ? ಗೋಡೆ ಬುಡದಲ್ಲಿ ನೀರು ನಿಲ್ಲುತ್ತಿದೆಯಾ? ಇಳಿಪೈಪಿಗೆ ಉದ್ದದ ಪೈಪ್ ಸೇರಿಸಿ ನೀರನ್ನು ಮನೆಯಿಂದ ಆರಡಿಯಾದರೂ ಆಚೆ ಬಿಡಿ, ಹತ್ತು ಅಡಿ ಆದರೆ ಇನ್ನೂ ಒಳ್ಳೆಯದು. ಇದಕ್ಕೆ ಬೀಳುವ ಖರ್ಚು ತೀರ ಕಡಿಮೆ, ಸಿಗುವ ಫಲ ದೊಡ್ಡದು.

ಆಮೇಲೆ ಅಂಗಳದ ಇಳಿಜಾರು. ಮನೆಯಿಂದ ಹತ್ತು ಅಡಿ ದೂರಕ್ಕೆ ನೆಲ ಆರು ಇಂಚು ಇಳಿಯಬೇಕು ಅಂತ ಅಮೆರಿಕದ ಮನೆ ಕಟ್ಟುವ ನಿಯಮವೇ ಹೇಳುತ್ತದೆ. ಮನೆ ಕಟ್ಟಿದಾಗ ಇಳಿಜಾರು ಸರಿಯಾಗಿಯೇ ಇರುತ್ತದೆ. ಆದರೆ ಪಾಯದ ಪಕ್ಕ ಅಗೆದು ಮತ್ತೆ ತುಂಬಿದ ಮಣ್ಣು ಸಡಿಲ. ಕೆಲವು ವರ್ಷಗಳಲ್ಲಿ ಅದು ಕುಸಿದು ಇಳಿಜಾರು ಮನೆ ಕಡೆಗೇ ತಿರುಗುತ್ತದೆ. ಅಲ್ಲಿಗೆ ಜೇಡಿ ಸೇರಿದ ಮಣ್ಣು ತುಂಬಿ ಗಟ್ಟಿಯಾಗಿ ಒತ್ತಬೇಕು. ಬರೀ ಮಲ್ಚ್ (ಗಿಡದ ಬುಡಕ್ಕೆ ಹಾಕುವ ಮರದ ಚೂರು) ಸುರಿದರೆ ಎತ್ತರ ಕಾಣುತ್ತದೆ, ನೀರು ಅದರೊಳಗೆ ಇಳಿದು ಹಳೆಯ ದಾರಿಯನ್ನೇ ಹಿಡಿಯುತ್ತದೆ. ಬೇಸ್‌ಮೆಂಟ್ ಕಿಟಕಿಯ ಹೊರಗಿನ ಗುಂಡಿಯಲ್ಲಿ ಎಲೆ ತುಂಬಿದೆಯಾ, ತಳದಲ್ಲಿ ಜಲ್ಲಿ ಇದೆಯಾ ಅದನ್ನೂ ನೋಡಿ.

ಇಷ್ಟು ಮಾಡಿದ ಮೇಲೂ ನೆಲದ ಅಂಚಿನಲ್ಲಿ ನೀರು ಬಂದರೆ ಅಂತರ್ಜಲದ ಲೆಕ್ಕಕ್ಕೆ ಬರಬೇಕು. ಹೊರಗಿನಿಂದ ಪಾಯದ ತನಕ ಅಗೆದು ಗೋಡೆಗೆ ಸರಿಯಾದ ವಾಟರ್‌ಪ್ರೂಫ್ ಪದರ ಹಾಕಿ, ಬುಡದಲ್ಲಿ ತೂತಿನ ಪೈಪ್ ಕೂರಿಸೋದು ಪಕ್ಕಾ ಕೆಲಸ. ಆದರೆ ಡೆಕ್, ಡ್ರೈವ್‌ವೇ, ಗಿಡಗಳೆಲ್ಲ ಕಿತ್ತು ಹೋಗುತ್ತವೆ, ಖರ್ಚು ವಿಪರೀತ. ಅದಕ್ಕೇ ಹೆಚ್ಚಿನವರು ಒಳಗಿನ ದಾರಿ ಹಿಡಿಯುತ್ತಾರೆ. ನೆಲದ ಅಂಚಿನುದ್ದಕ್ಕೂ ಕಾಂಕ್ರೀಟ್ ಒಡೆದು, ಜಲ್ಲಿಯ ನಡುವೆ ತೂತಿನ ಪೈಪ್ ಹಾಕಿ, ನೀರನ್ನು ಸಂಪ್ ಗುಂಡಿಗೆ ತಂದು, ಪಂಪ್ ಮೂಲಕ ಹೊರಗೆ ಕಳಿಸುತ್ತಾರೆ. ಇದರಿಂದ ನೀರು ಗೋಡೆಗೆ ಬರೋದು ನಿಲ್ಲೋದಿಲ್ಲ, ಬಂದ ನೀರು ನೆಲದ ಮೇಲೆ ಏರದ ಹಾಗೆ ಆಗುತ್ತದೆ. ಇದನ್ನು ಫಿನಿಶ್ ಆದ ಮೇಲೆ ಮಾಡಿಸಬೇಕಾದರೆ ಸುತ್ತಲಿನ ಗೋಡೆಯ ಕೆಳಭಾಗವನ್ನೆಲ್ಲ ಕೀಳಬೇಕು.

ಸಂಪ್ ಪಂಪಿಗೆ ಬ್ಯಾಟರಿ ಬ್ಯಾಕಪ್ ಇರಲೇಬೇಕು. ಜೋರು ಮಳೆ-ಗಾಳಿಯ ರಾತ್ರಿಯೇ ಕರೆಂಟ್ ಹೋಗೋದು, ಪಂಪ್ ಬೇಕಾಗೋದೂ ಅದೇ ರಾತ್ರಿ. ವರ್ಷಕ್ಕೆ ಕೆಲವು ಸಲ ಗುಂಡಿಗೆ ಒಂದು ಬಕೆಟ್ ನೀರು ಸುರಿದು ಪಂಪ್ ಓಡುತ್ತದಾ ನೋಡಿ. ಒಳಚರಂಡಿ ನೀರು ವಾಪಸ್ ನುಗ್ಗುವ ಊರಾದರೆ ಬ್ಯಾಕ್‌ವಾಟರ್ ವಾಲ್ವ್ ಹಾಕಿಸಲು ಇದೇ ಸಮಯ. ಹೇಗೂ ನೆಲ ಒಡೆದಿರುತ್ತದೆ.

ಇನ್ನು ಅಂಗಡಿಯಲ್ಲಿ ಸಿಗುವ ವಾಟರ್‌ಪ್ರೂಫ್ ಪೇಂಟ್. ಗೋಡೆಯ ಸಣ್ಣ ತೇವಕ್ಕೆ ಅದು ಸ್ವಲ್ಪ ಕೆಲಸ ಮಾಡುತ್ತದೆ. ಆದರೆ ಚದರಡಿಗೆ 250 ಪೌಂಡ್ ಒತ್ತಡವನ್ನು ಒಳಗಿನಿಂದ ಬಳಿದ ಒಂದು ಪದರ ಎಷ್ಟು ದಿನ ಹಿಡಿದೀತು? ಹಿಂದೆ ಉಪ್ಪು ಕಟ್ಟಿ, ಗುಳ್ಳೆ ಎದ್ದು, ಸಿಪ್ಪೆ ಏಳುತ್ತದೆ. ಮನೆ ಮಾರುವ ಮುಂಚೆ ಹೊಸದಾಗಿ ಪೇಂಟ್ ಹೊಡೆದ ಬೇಸ್‌ಮೆಂಟ್ ಗೋಡೆ ಕಂಡರೆ, ಏಕೆ ಹೊಡೆದರು ಅಂತ ಕೇಳಿ.

ಗೋಡೆ ಕಟ್ಟುವಾಗ

ನೀರು ಒಳಗೆ ಬರೋದು ನಿಂತಿತು ಅಂದುಕೊಳ್ಳೋಣ. ಹಾಗಾದರೂ ಕಾಂಕ್ರೀಟ್ ಪೂರ್ತಿ ಒಣ ಅಲ್ಲ, ಅದು ಯಾವತ್ತೂ ಅಷ್ಟಿಷ್ಟು ತೇವ ಬಿಡುತ್ತಲೇ ಇರುತ್ತದೆ. ಹೊಸ ಗೋಡೆ ಅದನ್ನು ತಡೆದುಕೊಳ್ಳುವ ಹಾಗಿರಬೇಕು.

ತುಂಬ ಮನೆಗಳಲ್ಲಿ ಕಾಣುವ ಹಳೆಯ ಪದ್ಧತಿ ಹೀಗಿದೆ: ಕಾಂಕ್ರೀಟಿಗೆ ತಾಗಿಸಿ ಮರದ ಚೌಕಟ್ಟು, ನಡುವೆ ಗುಲಾಬಿ ಬಣ್ಣದ ಫೈಬರ್‌ಗ್ಲಾಸ್, ಮೇಲೆ ಪ್ಲಾಸ್ಟಿಕ್ ಹಾಳೆ, ಆಮೇಲೆ ಡ್ರೈವಾಲ್. ಚಳಿಗಾಲದಲ್ಲಿ ರೂಮಿನ ಬೆಚ್ಚನೆ ಗಾಳಿ ಸಂದುಗಳಲ್ಲಿ ನುಸುಳಿ, ಫೈಬರ್‌ಗ್ಲಾಸ್ ದಾಟಿ ತಣ್ಣನೆ ಕಾಂಕ್ರೀಟಿಗೆ ತಾಗಿ ಹನಿಯಾಗುತ್ತದೆ. ಬೇಸಿಗೆಯಲ್ಲಿ ಕಾಂಕ್ರೀಟಿನ ತೇವ ಒಳಗೆ ಬರಲು ನೋಡುತ್ತದೆ, ಪ್ಲಾಸ್ಟಿಕ್ ಹಾಳೆ ಅದನ್ನು ತಡೆದು ಮರದ ಹತ್ತಿರವೇ ನಿಲ್ಲಿಸುತ್ತದೆ. ಎರಡೂ ಕಾಲದಲ್ಲಿ ಒದ್ದೆಯಾಗೋದು ಅದೇ ಮರ. ಬೇಸ್‌ಮೆಂಟ್ ಗೋಡೆಯ ಒಳಮೈಗೆ ಪ್ಲಾಸ್ಟಿಕ್ ಹಾಕಬೇಡಿ ಅಂತ ಜೋಸೆಫ್ ಲಿಸ್ಟಿಬುರೆಕ್ ಅವರಂಥ ಕಟ್ಟಡ ವಿಜ್ಞಾನದ ಎಂಜಿನಿಯರ್‌ಗಳು ವರ್ಷಗಳಿಂದ ಹೇಳುತ್ತಲೇ ಬಂದಿದ್ದಾರೆ.

ಅವರು ಹೇಳುವ ದಾರಿ ಸರಳ. ಮೊದಲು ಕಾಂಕ್ರೀಟಿಗೆ ನೇರವಾಗಿ ಗಟ್ಟಿ ಫೋಮ್ ಹಾಳೆ ಅಂಟಿಸಿ, ಸಂದುಗಳಿಗೆಲ್ಲ ಟೇಪ್ ಹಚ್ಚೋದು. ಅದರ ಮುಂದೆ ಮರದ ಚೌಕಟ್ಟು. ಬೇಕಾದರೆ ಚೌಕಟ್ಟಿನೊಳಗೆ ಕಾಗದ ಅಂಟಿಸಿರದ ಫೈಬರ್‌ಗ್ಲಾಸ್ ಅಥವಾ ಮಿನರಲ್ ವುಲ್. ಪ್ಲಾಸ್ಟಿಕ್ ಇಲ್ಲ. ಹೀಗೆ ಮಾಡಿದರೆ ರೂಮಿನ ಗಾಳಿ ತಣ್ಣನೆ ಕಾಂಕ್ರೀಟನ್ನು ಮುಟ್ಟೋದೇ ಇಲ್ಲ. ಫೋಮಿನ ಒಳಮೈ ಬೆಚ್ಚಗಿರುತ್ತದೆ. ಕಾಂಕ್ರೀಟಿನ ತೇವ ಫೋಮ್ ಮೂಲಕ ಬಹಳ ನಿಧಾನವಾಗಿ ಒಳಗೆ ಬಂದು ಆರುತ್ತದೆ. ಫೋಮ್ ಬೆಂಕಿಗೆ ಉರಿಯುವ ವಸ್ತು, ಆದ್ದರಿಂದ ಅದರ ಮುಂದೆ ಅರ್ಧ ಇಂಚಿನ ಡ್ರೈವಾಲ್ ಕಡ್ಡಾಯ. ಗೋಡೆಯ ತುದಿಯಲ್ಲಿ, ಮೇಲಿನ ಮಹಡಿಯ ತೊಲೆಗಳು ಕೂರುವ ಜಾಗವನ್ನೂ ಫೋಮ್‌ನಿಂದ ಮುಚ್ಚಲು ಹೇಳಿ, ಚಳಿ ನುಗ್ಗೋದು ಅಲ್ಲಿಂದಲೇ ಜಾಸ್ತಿ. ಕೆನಡಾದ ಕೆಲವು ಕಡೆ ಒಳಗಿನ ಪ್ಲಾಸ್ಟಿಕ್ ಬಗ್ಗೆ ನಿಯಮ ಬೇರೆ ಇರುತ್ತದೆ. ಪರ್ಮಿಟ್ ತೆಗೆದುಕೊಳ್ಳುವಾಗಲೇ ಇನ್ಸ್‌ಪೆಕ್ಟರ್ ಹತ್ತಿರ ಮಾತಾಡಿ. ಹಳೆಯ ಕಲ್ಲಿನ ಪಾಯವಾದರೆ ಇದು ಯಾವುದನ್ನೂ ತಿಳಿದವರ ಸಲಹೆ ಇಲ್ಲದೆ ಮಾಡಬೇಡಿ.

ಚೌಕಟ್ಟಿನ ತಳದ ಪಟ್ಟಿ ಕೊಳೆಯದಂತೆ ಟ್ರೀಟ್ ಮಾಡಿದ ಮರದ್ದಾಗಿರಲಿ, ಡ್ರೈವಾಲ್ ನೆಲದಿಂದ ಅರ್ಧ ಇಂಚಾದರೂ ಮೇಲಿರಲಿ. ನೆಲಕ್ಕೆ ಅಪ್ಪಟ ಮರ ಬೇಡ, ಕಾಂಕ್ರೀಟಿನ ಮೇಲೆ ನೇರವಾಗಿ ಕಾರ್ಪೆಟ್ಟೂ ಬೇಡ. ಟೈಲ್ ಎಲ್ಲಕ್ಕಿಂತ ನಿಶ್ಚಿಂತೆ, ಆದರೆ ಕಾಲಿಗೆ ತಣ್ಣಗೆ. ವಿನೈಲ್ ಹಲಗೆ ಕೊಳೆಯೋದಿಲ್ಲ ನಿಜ, ಅದರ ಕೆಳಗೆ ಬೂಸ್ಟು ಬೆಳೆಯಬಹುದು.

ಡಿಹ್ಯುಮಿಡಿಫೈಯರ್ ಫಿನಿಶ್ ಆದ ಮೇಲೂ ಬೇಕು. ಗಾಳಿಯ ತೇವ ಅಳೆಯುವ ಒಂದು ಹೈಗ್ರೋಮೀಟರ್ ಇಟ್ಟು ತೇವಾಂಶ ಶೇಕಡಾ 50ರ ಆಸುಪಾಸಿನಲ್ಲಿರುವಂತೆ ನೋಡಿಕೊಳ್ಳಿ. 60 ದಾಟಬಾರದು. ಬಕೆಟ್ ಖಾಲಿ ಮಾಡುವ ಕೆಲಸ ಎರಡು ವಾರಕ್ಕೇ ಬೇಸರ ಬರುತ್ತದೆ, ಹೋಸ್ ಹಾಕಿ ಸಂಪ್ ಗುಂಡಿಗೆ ಬಿಡಿ. ಕೊಳ್ಳುವಾಗ ಒಂದು ಗಮನ: ಇವು ದಿನಕ್ಕೆ ಎಷ್ಟು ಪಿಂಟ್ ನೀರು ಹೀರುತ್ತವೆ ಅಂತ ಅಳೆಯುವಾಗಿನ ಗಾಳಿಯ ಉಷ್ಣತೆಯನ್ನು 2019ರಲ್ಲಿ ಅಮೆರಿಕ ಸರ್ಕಾರ 80 ಡಿಗ್ರಿಯಿಂದ 65 ಡಿಗ್ರಿಗೆ ಇಳಿಸಿತು. ಹಾಗಾಗಿ ಮುಂಚೆ 70 ಪಿಂಟ್ ಅಂತಿದ್ದ ಮಷೀನಿನ ಮೇಲೆ ಈಗ 50 ಪಿಂಟ್ ಅಂತ ಇರುತ್ತದೆ. ಬೇಸ್‌ಮೆಂಟಿನ ತಂಪಿಗೆ ಹೊಸ ಅಂಕಿಯೇ ಹತ್ತಿರ.

ಮುಚ್ಚುವ ಮೊದಲು ಇನ್ನೂ ಕೆಲವು

ರೇಡಾನ್ ಪರೀಕ್ಷೆ ಮಾಡಿಸಿ. ಮಣ್ಣಿನಿಂದ ಬರುವ ಈ ಅನಿಲಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ, ಆದರೆ ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಸಿಗರೇಟಿನ ನಂತರದ ದೊಡ್ಡ ಕಾರಣ ಇದೇ. ಲೀಟರಿಗೆ 4 ಪಿಕೋಕ್ಯೂರಿ (ವಿಕಿರಣದ ಅಳತೆ) ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸರಿಪಡಿಸಿ ಅಂತ ಅಲ್ಲಿನ ಪರಿಸರ ಸಂಸ್ಥೆ ಹೇಳುತ್ತದೆ. ನೆಲದಡಿಯಿಂದ ಗಾಳಿ ಎಳೆದು ಹೊರಗೆ ಬಿಡುವ ಪೈಪನ್ನು ಗೋಡೆ ಮುಚ್ಚುವ ಮುಂಚೆ ಹಾಕೋದು ಸುಲಭ. ಸಂಪ್ ಗುಂಡಿಗೆ ಬಿಗಿಯಾದ ಮುಚ್ಚಳವೂ ಬೇಕು.

ಮಲಗುವ ರೂಮ್ ಮಾಡಿಸುತ್ತಿದ್ದರೆ ತಪ್ಪಿಸಿಕೊಂಡು ಹೊರಬರಲು ಕಿಟಕಿ ಬೇಕೇ ಬೇಕು. ಸಾಮಾನ್ಯ ನಿಯಮದ ಪ್ರಕಾರ ತೆರೆದಾಗ 5.7 ಚದರಡಿ ಜಾಗ ಇರಬೇಕು, ಕಿಟಕಿಯ ಕೆಳ ಅಂಚು ನೆಲದಿಂದ 44 ಇಂಚಿಗಿಂತ ಎತ್ತರ ಇರಬಾರದು. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಉಳಿಕೆ ಮಳೆ ನ್ಯೂಯಾರ್ಕ್ ಮೇಲೆ ಸುರಿದಾಗ ಸೆಂಟ್ರಲ್ ಪಾರ್ಕಿನಲ್ಲಿ ಒಂದೇ ಗಂಟೆಯಲ್ಲಿ 3.15 ಇಂಚು ದಾಖಲಾಯಿತು. ನಮ್ಮ ಸಾವಿರ ಚದರಡಿ ಛಾವಣಿಯ ಲೆಕ್ಕದಲ್ಲಿ ಅದು ಸುಮಾರು 1,960 ಗ್ಯಾಲನ್. ಆ ರಾತ್ರಿ ನಗರದ ಬೇಸ್‌ಮೆಂಟ್ ಮನೆಗಳಲ್ಲಿದ್ದ 11 ಜನ ಸತ್ತರು. ವಯಸ್ಸಾದ ಅಪ್ಪ-ಅಮ್ಮನನ್ನು ಕೆಳಗೆ ಮಲಗಿಸುವ ಯೋಚನೆ ಇರುವವರು ಅವರು ಆ ಕಿಟಕಿ ಹತ್ತಬಲ್ಲರಾ ಅಂತಲೂ ಯೋಚಿಸಬೇಕು. ಮೇಲೆ ಒಂದು ರೂಮ್ ಬಿಟ್ಟುಕೊಡಲು ಸಾಧ್ಯವಾದರೆ ಅದೇ ಒಳ್ಳೆಯದು ಅಂತ ನನ್ನ ಅನಿಸಿಕೆ.

ಇನ್ಶೂರೆನ್ಸ್ ಕಾಗದವನ್ನೂ ತೆಗೆದು ಓದಿ. ಸಾಮಾನ್ಯ ಮನೆ ಪಾಲಿಸಿಯಲ್ಲಿ ಪ್ರವಾಹಕ್ಕೆ ರಕ್ಷಣೆ ಇರೋದಿಲ್ಲ. ಸಂಪ್ ಪಂಪ್ ಕೆಟ್ಟು ನೀರು ಬಂದರೆ, ಚರಂಡಿ ಉಕ್ಕಿದರೆ ಪರಿಹಾರ ಸಿಗಲು ಸಾಮಾನ್ಯವಾಗಿ ಬೇರೆ ಸೇರ್ಪಡೆ ಕೊಳ್ಳಬೇಕು. ಸರ್ಕಾರದ ಪ್ರವಾಹ ವಿಮೆ ತೆಗೆದುಕೊಂಡರೂ ಬೇಸ್‌ಮೆಂಟಿನಲ್ಲಿ ಫರ್ನೇಸ್, ವಾಟರ್ ಹೀಟರ್, ಸಂಪ್ ಪಂಪಿನಂಥವಕ್ಕೆ ಮಾತ್ರ ಹಣ ಬರುತ್ತದೆ. ಫಿನಿಶ್ ಮಾಡಿಸಿದ ನೆಲ, ಗೋಡೆ, ಸೋಫಾ, ಟಿವಿಗೆ ಬರೋದಿಲ್ಲ.

ಕೊನೆಗೆ, ಡ್ರೈವಾಲ್ ಹೊಡೆಯುವ ಹಿಂದಿನ ದಿನ ಪ್ರತಿ ಗೋಡೆಯ ಫೋಟೋ ತೆಗೆದಿಡಿ: ಪೈಪ್ ಎಲ್ಲಿದೆ, ಮುಚ್ಚಿದ ಬಿರುಕು ಎಲ್ಲಿದೆ, ಡ್ರೈನ್ ಎಲ್ಲಿ ಹೋಗುತ್ತದೆ. ಸಂಪ್ ಗುಂಡಿ, ನೀರಿನ ಮೇನ್ ವಾಲ್ವ್, ಚರಂಡಿ ಪೈಪ್ ಶುಚಿ ಮಾಡುವ ಬಾಯಿಯಾದ ಕ್ಲೀನ್‌ಔಟ್ ಇವುಗಳ ಮುಂದೆ ಗೋಡೆ ಬಂದರೆ ಬಾಗಿಲೋ ತೆಗೆಯಬಹುದಾದ ಹಲಗೆಯೋ ಇಡಿಸಿ, ಅದರ ಮುಂದೆ ಕಪಾಟು ಇಡಬೇಡಿ.